ಸರಳ ಜಾಲಪುಟದ ಸೊಗಸು

ಬಿಸಿಲಿನಲ್ಲಿ ನಡೆದು ಮನೆಗೆ ಬಂದ ಅತಿಥಿಗೆ ಮೊದಲು ಬೇಕಾದದ್ದು ಏನು? ಕೈಕಾಲು ತೊಳೆಯಲು ನೀರು, ಕುಳಿತುಕೊಳ್ಳಲು ಒಂದು ಚಾಪೆ, ಬಾಯಾರಿಕೆಗೆ ಒಂದು ತುಂಡು ಬೆಲ್ಲ ಮತ್ತು ಒಂದು ಲೋಟ ನೀರು. ಇಷ್ಟು ದೊರೆತರೆ ಅವನ ಆಯಾಸ ಕಳೆಯುತ್ತದೆ; ಬಂದ ಕಾರ್ಯವನ್ನು ಕುರಿತ ಮಾತು ತಾನಾಗಿಯೇ ಆರಂಭವಾಗುತ್ತದೆ. ಹಾಗೆ ಮಾಡದೆ ಮನೆಯ ಯಜಮಾನನು ಅತಿಥಿಯನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿಕೊಂಡು, ಬಾಗಿಲಿನ ಕೆತ್ತನೆಯನ್ನೂ ಗೋಡೆಯ ಬಣ್ಣವನ್ನೂ ತೂಗುದೀಪಗಳ ಬೆಲೆಯನ್ನೂ ಒಂದೊಂದಾಗಿ ವರ್ಣಿಸತೊಡಗಿದರೆ ಹೇಗಾದೀತು? ಕೆತ್ತನೆಯು ನಿಜವಾಗಿಯೂ ಸುಂದರವಾಗಿರಬಹುದು. ಆದರೂ ಅತಿಥಿಯ ಬಾಯಾರಿಕೆ ಹಾಗೆಯೇ ಉಳಿಯುತ್ತದೆ. ಅತಿಥಿಸತ್ಕಾರದ ಈ ಹಳೆಯ ಪಾಠವು ಅಂತರಜಾಲವೆಂಬ ಹೊಸ ಲೋಕಕ್ಕೂ ಅನ್ವಯಿಸುತ್ತದೆ.

ಅಂತರಜಾಲದಲ್ಲಿ ವ್ಯಾಪಾರ ಸಂಸ್ಥೆಗಳ ತಾಣಗಳಿವೆ, ಸರ್ಕಾರದ ತಾಣಗಳಿವೆ, ಪತ್ರಿಕೆಗಳ ತಾಣಗಳಿವೆ. ಇವುಗಳ ನಡುವೆ ಒಬ್ಬೊಬ್ಬ ವ್ಯಕ್ತಿಯು ತನಗಾಗಿ ಕಟ್ಟಿಕೊಂಡ ಚಿಕ್ಕ ಚಿಕ್ಕ ತಾಣಗಳೂ ಇವೆ. ಒಬ್ಬ ಅಧ್ಯಾಪಕನು ತನ್ನ ಪಾಠದ ಟಿಪ್ಪಣಿಗಳನ್ನು ಅಲ್ಲಿ ಇರಿಸುತ್ತಾನೆ. ಒಬ್ಬ ಲೇಖಕಿಯು ತನ್ನ ಪ್ರಬಂಧಗಳನ್ನು ಇರಿಸುತ್ತಾಳೆ. ಮತ್ತೊಬ್ಬನು ತಾನು ಕಂಡ ಹಕ್ಕಿಗಳ ವಿವರಗಳನ್ನು ಬರೆದಿಡುತ್ತಾನೆ. ಇಂತಹ ತಾಣದ ಮೊದಲ ಪುಟವನ್ನು ‘ಹೋಮ್ ಪೇಜ್’ ಎಂದು ಕರೆಯುವುದು ವಾಡಿಕೆ. ಹೋಮ್ ಎಂದರೆ ಮನೆ. ಆ ಪುಟವನ್ನು ತೆರೆಯುವವನು ಆ ಮನೆಯ ಅತಿಥಿ. ಆದುದರಿಂದ ವೈಯಕ್ತಿಕ ಜಾಲತಾಣವು ಸರಳವಾಗಿರಬೇಕೆಂಬ ಮಾತು ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬಂದವನ ವೇಳೆಗೆ, ಹಣಕ್ಕೆ, ಕಣ್ಣಿಗೆ ಬೆಲೆ ಕೊಡುವ ಸೌಜನ್ಯದ ಪ್ರಶ್ನೆ ಅದು. ಸರಳ ಪುಟದ ಆಕರ್ಷಣೆಯ ಮೂಲವೂ ಈ ಸೌಜನ್ಯದಲ್ಲಿಯೇ ಇದೆ.

ಇದನ್ನು ಅರಿಯಲು ವಿಶ್ವವ್ಯಾಪಿ ಜಾಲವು ಹುಟ್ಟಿದ ಬಗೆಯನ್ನು ಒಮ್ಮೆ ನೆನೆಯಬೇಕು. ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದ ಬಳಿ ‘ಸರ್ನ್’ ಎಂಬ ದೊಡ್ಡ ಭೌತವಿಜ್ಞಾನ ಸಂಶೋಧನಾ ಕೇಂದ್ರವಿದೆ. ಹಲವು ದೇಶಗಳ ವಿಜ್ಞಾನಿಗಳು ಅಲ್ಲಿ ಕೆಲಸ ಮಾಡುತ್ತಾರೆ. ಒಬ್ಬರು ಬರೆದ ವರದಿಯನ್ನು ಇನ್ನೊಬ್ಬರು ಹುಡುಕಿ ತೆಗೆಯುವುದು ಒಂದು ಕಾಲಕ್ಕೆ ಅಲ್ಲಿ ದೊಡ್ಡ ತೊಡಕಾಗಿತ್ತು. ಒಂದೊಂದು ಕಂಪ್ಯೂಟರಿನ ರೀತಿಯೂ ಬೇರೆ ಬೇರೆಯಾಗಿತ್ತು. ಅಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ತಜ್ಞನು 1989ರ ಮಾರ್ಚ್ ತಿಂಗಳಲ್ಲಿ ಈ ತೊಡಕಿಗೆ ಒಂದು ಪರಿಹಾರವನ್ನು ಸೂಚಿಸಿದನು. ಬರಹದ ನಡುವೆ ಕೊಂಡಿಗಳಿರಬೇಕು. ಕೊಂಡಿಯನ್ನು ಒತ್ತಿದೊಡನೆ ಬೇರೊಂದು ಕಂಪ್ಯೂಟರಿನಲ್ಲಿರುವ ಬರಹವು ಕಣ್ಣಮುಂದೆ ಬರಬೇಕು ಎಂಬುದೇ ಆ ಸೂಚನೆ. 1990ರ ಕೊನೆಯ ವೇಳೆಗೆ ಅವನು ಅದನ್ನು ಕಾರ್ಯರೂಪಕ್ಕೆ ತಂದನು. ಜಗತ್ತಿನ ಮೊದಲ ಜಾಲತಾಣವು ಅವನ ಮೇಜಿನ ಮೇಲಿದ್ದ ಒಂದೇ ಕಂಪ್ಯೂಟರಿನಲ್ಲಿ ನೆಲೆಸಿತ್ತು. ಯಾರಾದರೂ ತಿಳಿಯದೆ ಅದನ್ನು ಆರಿಸಿಬಿಟ್ಟಾರು ಎಂಬ ಭಯದಿಂದ, ಆರಿಸಕೂಡದೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಅದಕ್ಕೆ ಅಂಟಿಸಲಾಗಿತ್ತು. 1991ರ ಆಗಸ್ಟಿನಲ್ಲಿ ಈ ವ್ಯವಸ್ಥೆಯ ಸುದ್ದಿಯು ಹೊರಜಗತ್ತಿಗೆ ತಿಳಿಯಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಯಾವ ಶುಲ್ಕವೂ ಇಲ್ಲದೆ ಯಾರು ಬೇಕಾದರೂ ಇದನ್ನು ಬಳಸಬಹುದೆಂದು ಸಾರಿತು.

ಆ ಮೊದಲ ತಾಣದ ಪುಟವು ನೋಡಲು ಹೇಗಿತ್ತು? ಬಿಳಿಯ ಹಿನ್ನೆಲೆ, ಮೇಲೆ ಒಂದು ಶೀರ್ಷಿಕೆ, ಅದರ ಕೆಳಗೆ ಈ ಯೋಜನೆ ಏನೆಂದು ತಿಳಿಸುವ ಒಂದೆರಡು ಸಾಲು, ಆ ಬಳಿಕ ಕೊಂಡಿಗಳ ಒಂದು ಪಟ್ಟಿ. ಚಿತ್ರವಿಲ್ಲ, ಬಣ್ಣದ ಚೌಕಟ್ಟಿಲ್ಲ, ಚಲಿಸುವ ವಸ್ತುವಿಲ್ಲ. ಪುಟವನ್ನು ಬರೆಯುವ ಭಾಷೆಯಾದ ಎಚ್.ಟಿ.ಎಂ.ಎಲ್. ಎಂಬುದರಲ್ಲಿ ಆಗ ಇದ್ದ ಗುರುತುಗಳು ಸುಮಾರು 20 ಮಾತ್ರ. ಇದು ಶೀರ್ಷಿಕೆ, ಇದು ಹೊಸ ವಾಕ್ಯವೃಂದ, ಇದು ಪಟ್ಟಿ, ಇದು ಕೊಂಡಿ ಎಂದು ಹೇಳುವುದಷ್ಟೇ ಆ ಗುರುತುಗಳ ಕೆಲಸ. ಬರಹವು ಯಾವ ಗಾತ್ರದಲ್ಲಿ, ಎಷ್ಟು ಅಗಲದಲ್ಲಿ ಕಾಣಿಸಬೇಕೆಂಬುದನ್ನು ಓದುವವನ ಯಂತ್ರವೇ ನಿರ್ಧರಿಸುತ್ತಿತ್ತು. ಹೀಗೆ ಸರಳತೆಯು ವಿಶ್ವವ್ಯಾಪಿ ಜಾಲಕ್ಕೆ ಹೊರಗಿನಿಂದ ಬಂದ ಅಲಂಕಾರ ತತ್ತ್ವವಲ್ಲ. ಅದು ಅದರ ಹುಟ್ಟುಗುಣ.

ಈ ಸ್ಥಿತಿಯು ಬಹುಕಾಲ ನಿಲ್ಲಲಿಲ್ಲ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ ‘ಮೊಸಾಯಿಕ್’ ಎಂಬ ಬ್ರೌಸರ್ ಬರಹದ ನಡುವೆಯೇ ಚಿತ್ರಗಳನ್ನು ತೋರಿಸಿತು. ಜನರಿಗೆ ಅದು ಬಹಳ ಮೆಚ್ಚುಗೆಯಾಯಿತು. ಜಾಲವು ವಿಜ್ಞಾನಿಗಳ ಕೊಠಡಿಯಿಂದ ಜನಸಾಮಾನ್ಯರ ಮನೆಗೆ ಬಂದಿತು. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಸಂಸ್ಥೆಯೊಂದು ‘ಜಿಯೋಸಿಟೀಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿ, ಕೇಳಿದವರಿಗೆಲ್ಲ ಪುಟ ಕಟ್ಟಿಕೊಳ್ಳಲು ಉಚಿತವಾಗಿ ಜಾಗ ಕೊಟ್ಟಿತು. ಆ ಜಾಗಗಳನ್ನು ಬಡಾವಣೆಗಳಂತೆ ವಿಂಗಡಿಸಿ ಹೆಸರಿಟ್ಟಿದ್ದರು. ಚಲನಚಿತ್ರದ ಆಸಕ್ತರಿಗೆ ಹಾಲಿವುಡ್, ಕಂಪ್ಯೂಟರ್ ಆಸಕ್ತರಿಗೆ ಸಿಲಿಕಾನ್ ವ್ಯಾಲಿ, ಹೀಗೆ. ಅಲ್ಲಿ ಮನೆ ಹೂಡಿದವರ ಉತ್ಸಾಹಕ್ಕೆ ಮಿತಿಯೇ ಇರಲಿಲ್ಲ. ಮಿನುಗುವ ನಕ್ಷತ್ರಗಳ ಹಿನ್ನೆಲೆ, ಕಣ್ಣು ಮಿಟುಕಿಸುವ ಅಕ್ಷರಗಳು, ಪುಟ ತೆರೆದೊಡನೆ ಕೇಳಿಬರುವ ಸಂಗೀತ, ಬಂದವರ ಸಂಖ್ಯೆಯನ್ನು ಎಣಿಸುವ ಅಂಕೆಗಳ ಪಟ್ಟಿ, ಪುಟವಿನ್ನೂ ಪೂರ್ಣವಾಗಿಲ್ಲವೆಂದು ತಿಳಿಸಲು ಗುದ್ದಲಿ ಹಿಡಿದ ಕೆಲಸಗಾರನ ಚಲಿಸುವ ಚಿತ್ರ, ಇವೆಲ್ಲವೂ ಒಂದೇ ಪುಟದಲ್ಲಿ ನೆರೆದಿರುತ್ತಿದ್ದವು.

ಇಂದು ಅಂತಹ ಪುಟಗಳನ್ನು ಕಂಡು ನಗುವವರುಂಟು. ಆ ನಗುವು ನ್ಯಾಯವಲ್ಲ. ಮೊದಲ ಬಾರಿ ತನ್ನದೆಂಬ ಗೋಡೆ ದೊರೆತ ಮಗುವು ಅದರ ತುಂಬ ಚಿತ್ರ ಬಿಡಿಸಿದರೆ ತಪ್ಪೇನು? ಆ ಪುಟಗಳಲ್ಲಿ ಅಂದಗೆಟ್ಟ ಅಲಂಕಾರವಿರಬಹುದು. ಆದರೆ ಅದನ್ನು ಮಾಡಿದವರ ಸಂತೋಷವೂ ಸ್ವಂತ ಕೈಗೆಲಸವೂ ಅಲ್ಲಿ ಕಾಣುತ್ತವೆ. ಸರಳತೆಯನ್ನು ಮೆಚ್ಚುವವನು ಇದನ್ನು ಮರೆಯಬಾರದು. ಮುಂದೆ ಬಂದ ಭಾರವು ಇದಕ್ಕಿಂತ ಬೇರೆಯಾದದ್ದು. ಅದರಲ್ಲಿ ಸಂತೋಷವೂ ಕಡಿಮೆ, ಕೈಗೆಲಸವೂ ಕಡಿಮೆ. ಸಿದ್ಧವಾದ ಮಾದರಿಯೊಂದನ್ನು ತಂದು ತನ್ನ ಹೆಸರು ಹಚ್ಚಿಕೊಳ್ಳುವುದು ಸುಲಭವಾಯಿತು. ಆ ಮಾದರಿಯ ಹಿಂದೆ ಎಷ್ಟು ಕಡತಗಳಿವೆ, ಅವು ಏನು ಮಾಡುತ್ತವೆ ಎಂಬುದು ತಾಣದ ಒಡೆಯನಿಗೇ ತಿಳಿಯದು. ಅಕ್ಷರಶೈಲಿಗಳು ಒಂದು ಕಡೆಯಿಂದ, ಚಲನೆಯ ಸೂಚನೆಗಳು ಮತ್ತೊಂದು ಕಡೆಯಿಂದ, ಬಂದವರ ಜಾಡು ಹಿಡಿಯುವ ಲೆಕ್ಕಪತ್ರಗಳು ಮಗದೊಂದು ಕಡೆಯಿಂದ ಬಂದು ಸೇರುತ್ತವೆ. ಕೊನೆಗೆ ನಾಲ್ಕು ವಾಕ್ಯವೃಂದಗಳ ಬರಹವನ್ನು ಓದಲು ಓದುಗನು ಒಂದು ಬಂಡಿಯಷ್ಟು ಸಾಮಾನನ್ನು ಇಳಿಸಿಕೊಳ್ಳಬೇಕಾಗುತ್ತದೆ. ಊಟಕ್ಕಿಂತ ಉಪ್ಪಿನಕಾಯಿಯೇ ಹೆಚ್ಚಾದಂತಹ ಸ್ಥಿತಿ ಇದು.

ಈ ಭಾರವನ್ನು ಲೆಕ್ಕದಿಂದಲೇ ತಿಳಿಯಬಹುದು. ಜಗತ್ತಿನ ಜಾಲಪುಟಗಳ ಗಾತ್ರವನ್ನು ನಿಯಮಿತವಾಗಿ ಅಳೆಯುವ ‘ಎಚ್‌ಟಿಟಿಪಿ ಆರ್ಕೈವ್’ ಎಂಬ ಯೋಜನೆಯ ಪ್ರಕಾರ, 2022ರಲ್ಲಿ ಜಾಲಪುಟವೊಂದರ ಮಧ್ಯಮ ಗಾತ್ರವು ಸುಮಾರು 2 ಮೆಗಾಬೈಟ್ ಮುಟ್ಟಿತ್ತು. ಎಂದರೆ ಅಳೆದ ಪುಟಗಳಲ್ಲಿ ಅರ್ಧದಷ್ಟು ಪುಟಗಳು ಇದಕ್ಕಿಂತಲೂ ಭಾರವಾಗಿದ್ದವು. 2 ಮೆಗಾಬೈಟ್ ಎಂದರೆ ಎಷ್ಟು? ಕನ್ನಡದ ಒಂದೊಂದು ಲಿಪಿಚಿಹ್ನೆಯನ್ನು ಕಂಪ್ಯೂಟರಿನಲ್ಲಿ ಉಳಿಸಲು ಸಾಮಾನ್ಯವಾಗಿ 3 ಬೈಟ್ ಬೇಕು. ಪುಸ್ತಕದ ಒಂದು ಪುಟದಲ್ಲಿ 1,500 ಚಿಹ್ನೆಗಳಿವೆ ಎಂದಿಟ್ಟುಕೊಂಡರೆ ಆ ಪುಟಕ್ಕೆ 4,500 ಬೈಟ್ ಸಾಕು. ಈ ಲೆಕ್ಕದಲ್ಲಿ 2 ಮೆಗಾಬೈಟಿನೊಳಗೆ 400ಕ್ಕೂ ಹೆಚ್ಚು ಪುಟಗಳ ಒಂದು ದಪ್ಪ ಕಾದಂಬರಿಯೇ ಹಿಡಿಯುತ್ತದೆ. ಒಂದು ಕಾದಂಬರಿಯ ತೂಕವನ್ನು ಹೊತ್ತು ಬರುವ ಪುಟದಲ್ಲಿ ಓದಲು ಇರುವುದು ಹಲವು ಸಲ ಒಂದು ಅಂಚೆ ಕಾಗದದಷ್ಟು ಬರಹ ಮಾತ್ರ.

ಈ ಭಾರದ ಬೆಲೆಯನ್ನು ತೆರುವವರು ಯಾರು? ಪುಟವನ್ನು ಕಟ್ಟಿದವನಲ್ಲ. ಅವನ ಬಳಿ ಬಹುಶಃ ಹೊಸ ಯಂತ್ರವಿದೆ, ವೇಗವಾದ ಸಂಪರ್ಕವಿದೆ. ಹಳೆಯ ಮೊಬೈಲ್ ಹಿಡಿದು, ಬೆಟ್ಟದ ಮರೆಯ ಊರಿನಲ್ಲಿ ಕುಳಿತು, ಸಿಗ್ನಲ್ ಸಿಗುವ ಮೂಲೆಯನ್ನು ಹುಡುಕುವ ಓದುಗನೇ ಅದನ್ನು ತೆರಬೇಕು. ಸೆಕೆಂಡಿಗೆ 50 ಕಿಲೋಬೈಟ್ ಮಾತ್ರ ಬರುವ ಸಂಪರ್ಕದಲ್ಲಿ 2 ಮೆಗಾಬೈಟಿನ ಪುಟವು ಪೂರ್ಣವಾಗಿ ಬರಲು 40 ಸೆಕೆಂಡು ಬೇಕು. ಅದೇ ಬರಹವನ್ನು 20 ಕಿಲೋಬೈಟಿನ ಸರಳ ಪುಟದಲ್ಲಿ ಇಟ್ಟಿದ್ದರೆ ಅರ್ಧ ಸೆಕೆಂಡಿನೊಳಗೆ ಬಂದುಬಿಡುತ್ತದೆ. ಕಂಪ್ಯೂಟರ್ ಬಳಕೆಯ ಸೌಲಭ್ಯವನ್ನು ಕುರಿತು ಸಂಶೋಧನೆ ಮಾಡಿದ ಜೇಕಬ್ ನೀಲ್ಸನ್ ಎಂಬ ತಜ್ಞನು 1993ರ ತನ್ನ ಗ್ರಂಥದಲ್ಲಿ ಮೂರು ಮಿತಿಗಳನ್ನು ಹೇಳಿದ್ದಾನೆ. ಉತ್ತರವು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಬಂದರೆ ಅದು ತಕ್ಷಣ ಬಂದಂತೆಯೇ ತೋರುತ್ತದೆ; 1 ಸೆಕೆಂಡಿನೊಳಗೆ ಬಂದರೆ ಆಲೋಚನೆಯ ಎಳೆ ಕಡಿಯುವುದಿಲ್ಲ; 10 ಸೆಕೆಂಡು ಮೀರಿದರೆ ಮನಸ್ಸು ಬೇರೆಡೆಗೆ ಹೋಗುತ್ತದೆ. 40 ಸೆಕೆಂಡು ಕಾಯಿಸುವ ಪುಟವು ಓದುಗನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದಂತೆ ಆಗುವುದಿಲ್ಲವೇ?

ಇನ್ನೂ ಒಬ್ಬ ಓದುಗನಿದ್ದಾನೆ. ಅವನಿಗೆ ಕಣ್ಣು ಕಾಣುವುದಿಲ್ಲ. ಅಂತಹವರಿಗಾಗಿ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಅವುಗಳಲ್ಲಿ ಒಂದಾದ ‘ಎನ್‌ವಿಡಿಎ’ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದ ಮೈಕೇಲ್ ಕರನ್ ಸ್ವತಃ ಅಂಧನು. ಅದನ್ನು ಉಚಿತವಾಗಿ ಪಡೆಯಬಹುದು; ಕನ್ನಡ ಬರಹವನ್ನೂ ಅದರಿಂದ ಓದಿಸಬಹುದು. ಆದರೆ ಅಂತಹ ತಂತ್ರಾಂಶವು ಪುಟದ ಬಣ್ಣವನ್ನು ನೋಡುವುದಿಲ್ಲ, ಚಲಿಸುವ ಚಿತ್ರವನ್ನು ಮೆಚ್ಚುವುದಿಲ್ಲ. ಇದು ಶೀರ್ಷಿಕೆ, ಇದು ಪಟ್ಟಿ, ಇದು ಕೊಂಡಿ ಎಂದು ಗುರುತು ಹಾಕಿದ ಬರಹವಿದ್ದರೆ ಅದು ಸಲೀಸಾಗಿ ಓದುತ್ತಾ ಹೋಗುತ್ತದೆ. ಅಕ್ಷರಗಳನ್ನೇ ಒಂದು ಚಿತ್ರವನ್ನಾಗಿ ಮಾಡಿ ಅಂಟಿಸಿದ್ದರೆ, ಅದರೊಳಗೆ ಏನಿದೆ ಎಂಬ ವಿವರಣೆಯನ್ನು ಬರೆಯದೆ ಬಿಟ್ಟಿದ್ದರೆ, ಅದು ತಡವರಿಸುತ್ತದೆ. ಕಣ್ಣಿಗೆ ಅತ್ಯಂತ ವೈಭವದಿಂದ ಕಾಣುವ ಪುಟವು ಅಂಧ ಓದುಗನಿಗೆ ಮುಚ್ಚಿದ ಬಾಗಿಲಾಗಬಹುದು. ಸಾದಾ ಪುಟವು ಅವನಿಗೂ ತೆರೆದ ಬಾಗಿಲು. ಸರಳತೆಯನ್ನು ಬಡತನವೆಂದು ಭಾವಿಸುವವರು ಈ ಒಂದು ಸಂಗತಿಯನ್ನು ಆಲೋಚಿಸಿದರೆ ಸಾಕು.

ರೂಪವು ವಿಷಯಕ್ಕೆ ಸೇವೆ ಸಲ್ಲಿಸಬೇಕೆಂಬ ವಿಚಾರವು ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಮುದ್ರಣಕ್ಷೇತ್ರದಲ್ಲಿ ದುಡಿದ ಬಿಯಾಟ್ರಿಸ್ ವಾರ್ಡ್ ಎಂಬ ವಿದುಷಿಯು 1930ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸವೊಂದು ಇದಕ್ಕೆ ಸಾಕ್ಷಿ. ದ್ರಾಕ್ಷಾರಸದ ರುಚಿಯನ್ನು ಬಲ್ಲವನ ಮುಂದೆ ಎರಡು ಪಾತ್ರೆಗಳನ್ನು ಇಟ್ಟರೆ ಅವನು ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂದು ಆಕೆ ಕೇಳಿದಳು. ಒಂದು ಕುಸುರಿ ಕೆಲಸದ ಚಿನ್ನದ ಪಾತ್ರೆ, ಇನ್ನೊಂದು ತೆಳುವಾದ ಸ್ಫಟಿಕದ ಲೋಟ. ಚಿನ್ನದ ಪಾತ್ರೆಯು ತನ್ನನ್ನೇ ತೋರಿಸಿಕೊಳ್ಳುತ್ತದೆ. ಸ್ಫಟಿಕದ ಲೋಟವು ತನ್ನೊಳಗಿನ ರಸವನ್ನು ತೋರಿಸುತ್ತದೆ. ರುಚಿ ಬಲ್ಲವನು ಲೋಟವನ್ನೇ ಎತ್ತಿಕೊಳ್ಳುತ್ತಾನೆ. ಮುದ್ರಣವೂ ಹಾಗೆಯೇ ಇರಬೇಕು ಎಂಬುದು ಆಕೆಯ ವಾದ. ಅಕ್ಷರಗಳನ್ನು ಜೋಡಿಸಿದವನ ಜಾಣ್ಮೆಯು ಓದುಗನ ಕಣ್ಣಿಗೆ ಅಡ್ಡ ನಿಲ್ಲಬಾರದು. ಲೇಖಕನ ವಿಚಾರವು ನೇರವಾಗಿ ಓದುಗನ ಮನಸ್ಸನ್ನು ತಲುಪಬೇಕು. ಆಕೆಯು ಹೇಳಿದ್ದು ಕಾಗದದ ಪುಟವನ್ನು ಕುರಿತು. ಆದರೂ ಬೆಳಕಿನ ಪರದೆಯ ಮೇಲಿನ ಪುಟಕ್ಕೂ ಅದು ಸಲ್ಲುತ್ತದೆ.

ಸೌಂದರ್ಯವನ್ನು ಅರಿಯದವರು ಮಾತ್ರ ಸಾದಾ ಪುಟವನ್ನು ಕಟ್ಟುತ್ತಾರೆ ಎಂದು ಕೆಲವರು ಭಾವಿಸುವುದುಂಟು. ಡೊನಾಲ್ಡ್ ಕ್ನೂತ್ ಅವರ ಉದಾಹರಣೆಯು ಈ ಭಾವನೆಯನ್ನು ಅಳಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಕ್ನೂತ್, ಕಂಪ್ಯೂಟರ್ ವಿಜ್ಞಾನದ ಹಿರಿಯರಲ್ಲಿ ಒಬ್ಬರು. ಅವರ ಮಹಾಗ್ರಂಥದ ಮೊದಲ ಸಂಪುಟವು 1968ರಲ್ಲಿ ಪ್ರಕಟವಾಯಿತು. 1977ರಲ್ಲಿ ಅದರ ಒಂದು ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂದಾಗ ಅಕ್ಷರಗಳ ಅಂದಗೇಡಿತನವನ್ನು ಕಂಡು ಅವರಿಗೆ ಬಹಳ ಬೇಸರವಾಯಿತು. ಗಣಿತದ ಗ್ರಂಥಗಳನ್ನು ಅಂದವಾಗಿ ಜೋಡಿಸಬಲ್ಲ ‘ಟೆಕ್’ ಎಂಬ ವ್ಯವಸ್ಥೆಯನ್ನು ಅವರೇ ರಚಿಸಲು ತೊಡಗಿದರು. ಅದಕ್ಕೂ ಅದರ ಅಕ್ಷರಗಳಿಗೂ ಸುಮಾರು 10 ವರ್ಷಗಳ ಶ್ರಮ ಹಿಡಿಯಿತು. ಅಕ್ಷರದ ಒಂದೊಂದು ಬಾಗನ್ನೂ ಚಿಂತಿಸಿದ ಇಂತಹವರ ಸ್ವಂತ ಜಾಲಪುಟದಲ್ಲಿ ಏನಿದೆ? ಸಾದಾ ಅಕ್ಷರಗಳು ಮತ್ತು ಕೊಂಡಿಗಳ ಪಟ್ಟಿಗಳು. ತಮ್ಮ ಪುಸ್ತಕಗಳ ವಿವರ, ಅವುಗಳಲ್ಲಿ ಕಂಡುಬಂದ ತಪ್ಪುಗಳ ತಿದ್ದುಪಡಿ, ಉಪನ್ಯಾಸಗಳ ಸುದ್ದಿ, ಇಷ್ಟನ್ನೇ ಅವರು ಅಲ್ಲಿ ಇರಿಸಿದ್ದಾರೆ. ಸೌಂದರ್ಯವನ್ನು ಚೆನ್ನಾಗಿ ಅರಿತವರಿಗೆ ಅದು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದೂ ತಿಳಿದಿರುತ್ತದೆ. ಹೇಳುವ ಮಾತಿನಲ್ಲಿ ತಿರುಳಿದೆ ಎಂಬ ನಂಬಿಕೆಯುಳ್ಳವರು ಅದಕ್ಕೆ ಜರಿಯಂಚು ಕಟ್ಟಲು ಹೋಗುವುದಿಲ್ಲ.

ಇನ್ನೊಂದು ಉದಾಹರಣೆಯು ಸ್ಪೇನಿನ ಬಾರ್ಸಿಲೋನಾ ನಗರದ್ದು. ಕ್ರಿಸ್ ಡಿ ಡೆಕ್ಕರ್ ಎಂಬ ಲೇಖಕರು ಹಳೆಯ ಕಾಲದ ಉಪಯುಕ್ತ ತಂತ್ರಗಳನ್ನು ಕುರಿತು ‘ಲೋ-ಟೆಕ್ ಮ್ಯಾಗಜೀನ್’ ಎಂಬ ಜಾಲಪತ್ರಿಕೆಯನ್ನು ನಡೆಸುತ್ತಾರೆ. 2018ರಲ್ಲಿ ಅವರು ತಮ್ಮ ಸಂಗಡಿಗರ ನೆರವಿನಿಂದ ಅದಕ್ಕೆ ಒಂದು ಹೊಸ ರೂಪ ಕೊಟ್ಟರು. ಆ ತಾಣವನ್ನು ಹೊತ್ತ ಪುಟ್ಟ ಕಂಪ್ಯೂಟರು ಅವರ ಮನೆಯಲ್ಲಿಯೇ, ಬಿಸಿಲಿನ ಹಲಗೆಯಿಂದ ಬರುವ ವಿದ್ಯುತ್ತಿನಿಂದ ನಡೆಯುವಂತೆ ಏರ್ಪಡಿಸಿದರು. ವಿದ್ಯುತ್ತು ಕಡಿಮೆ, ಆದುದರಿಂದ ಪುಟವೂ ಹಗುರವಾಗಬೇಕು. ಚಿತ್ರಗಳನ್ನು ಚುಕ್ಕಿಗಳ ರೂಪಕ್ಕೆ ಇಳಿಸಿದರು. ವಿಶೇಷ ಅಕ್ಷರಶೈಲಿಗಳನ್ನು ಬಿಟ್ಟು ಓದುಗನ ಯಂತ್ರದಲ್ಲಿ ಈಗಾಗಲೇ ಇರುವ ಅಕ್ಷರಗಳನ್ನೇ ಬಳಸಿದರು. ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತು ಉಳಿದಿದೆ ಎಂಬುದನ್ನು ಪುಟದ ಹಿನ್ನೆಲೆಯ ಬಣ್ಣವೇ ತೋರಿಸುತ್ತದೆ. ಬಹಳ ದಿನ ಮೋಡ ಕವಿದರೆ ತಾಣವು ಸ್ವಲ್ಪ ಹೊತ್ತು ನಿಂತುಹೋಗಲೂಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇವರು ಅಕ್ಷರಶಃ ಆಚರಣೆಗೆ ತಂದಿದ್ದಾರೆ. ಗಮನಿಸಬೇಕಾದ ಸಂಗತಿ ಎಂದರೆ ಈ ಮಿತಿಗಳಿಂದ ಪುಟವು ಕುರೂಪವಾಗಲಿಲ್ಲ. ಚುಕ್ಕಿಯ ಚಿತ್ರಗಳೇ ಅದಕ್ಕೆ ಒಂದು ವಿಶಿಷ್ಟವಾದ ಮುಖಲಕ್ಷಣವನ್ನು ತಂದುಕೊಟ್ಟವು.

ಸರಳತೆಗೆ ಮತ್ತೊಂದು ಗುಣವಿದೆ, ಅದು ಬಾಳಿಕೆ. ಒಂದು ಕಾಲದಲ್ಲಿ ಚಲಿಸುವ, ಹಾಡುವ ಜಾಲತಾಣಗಳನ್ನು ಕಟ್ಟಲು ‘ಫ್ಲಾಶ್’ ಎಂಬ ತಂತ್ರಾಂಶವು ಬಹು ಜನಪ್ರಿಯವಾಗಿತ್ತು. ಅನೇಕ ಕಲಾವಿದರು ತಮ್ಮ ತಾಣವನ್ನು ಪೂರ್ತಿಯಾಗಿ ಅದರಲ್ಲಿಯೇ ರಚಿಸಿದ್ದರು. 2020ರ ಡಿಸೆಂಬರ್ 31ಕ್ಕೆ ಅದಕ್ಕಿದ್ದ ಬೆಂಬಲವು ಮುಗಿಯಿತು. ಬಳಿಕ ಬ್ರೌಸರುಗಳಲ್ಲಿ ಅದು ಓಡದಂತಾಯಿತು. ವರ್ಷಗಟ್ಟಲೆ ಶ್ರಮಪಟ್ಟು ಕಟ್ಟಿದ ತಾಣಗಳು ಖಾಲಿ ಚೌಕಗಳಾದವು. ಜಿಯೋಸಿಟೀಸ್ ಬಡಾವಣೆಗಳೂ ಉಳಿಯಲಿಲ್ಲ. 1999ರಲ್ಲಿ ಅದನ್ನು ಕೊಂಡ ಯಾಹೂ ಸಂಸ್ಥೆಯು 2009ರ ಅಕ್ಟೋಬರಿನಲ್ಲಿ ಅಮೆರಿಕದ ಆ ಸೇವೆಯನ್ನು ಮುಚ್ಚಿತು. ಸ್ವಯಂಸೇವಕರು ಹಗಲಿರುಳು ದುಡಿದು ಲಕ್ಷಾಂತರ ಪುಟಗಳನ್ನು ನಕಲು ಮಾಡಿ ಉಳಿಸಿದರು. ಆದರೆ 1990ರ ದಶಕದ ಮೊದಲ ವರ್ಷಗಳ ಆ ಸರ್ನ್ ಪುಟ? ಅದರ ಹಳೆಯ ಪ್ರತಿಯೊಂದನ್ನು ಸಂಸ್ಥೆಯು 2013ರಲ್ಲಿ ಮತ್ತೆ ಮೂಲ ವಿಳಾಸದಲ್ಲಿಯೇ ಇರಿಸಿತು. ಅದನ್ನು ಬರೆದಾಗ ಮೊಬೈಲ್ ಫೋನಿನಲ್ಲಿ ಜಾಲಪುಟ ತೆರೆಯುವುದನ್ನು ಯಾರೂ ಕಂಡಿರಲಿಲ್ಲ. ಆದರೂ ಆ ಪುಟವು ಇಂದಿನ ಮೊಬೈಲಿನಲ್ಲಿ ಯಾವ ದುರಸ್ತಿಯೂ ಇಲ್ಲದೆ ತೆರೆದುಕೊಳ್ಳುತ್ತದೆ.

ಬಾಳಿಕೆಯ ಈ ಪಾಠವನ್ನು ಕನ್ನಡವೂ ತನ್ನ ಅನುಭವದಿಂದ ಕಲಿತಿದೆ. ಕನ್ನಡವು ಅಂತರಜಾಲವನ್ನು ಬೇಗನೆಯೇ ಪ್ರವೇಶಿಸಿತು. ‘ವಿಶ್ವಕನ್ನಡ’ ಎಂಬ ಜಾಲಪತ್ರಿಕೆಯು 1996ರಲ್ಲಿಯೇ ಆರಂಭವಾಯಿತು. ಆ ಕಾಲದಲ್ಲಿ ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಆದ ಸಂಕೇತಗಳನ್ನು ಇಟ್ಟುಕೊಂಡಿತ್ತು. ಬರೆದವನು ಬಳಸಿದ ಅಕ್ಷರಶೈಲಿಯೇ ಓದುವವನ ಕಂಪ್ಯೂಟರಿನಲ್ಲಿಯೂ ಇದ್ದರೆ ಮಾತ್ರ ಕನ್ನಡವು ಕನ್ನಡವಾಗಿ ಕಾಣುತ್ತಿತ್ತು. ಇಲ್ಲವಾದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಈ ತೊಂದರೆಯನ್ನು ತಪ್ಪಿಸಲು ಕನ್ನಡ ಬರಹವನ್ನು ಚಿತ್ರವಾಗಿಸಿ ಪ್ರಕಟಿಸುವುದೂ ಉಂಟು. ಚಿತ್ರವು ಕಾಣುತ್ತದೆ, ಆದರೆ ಅದರೊಳಗಿನ ಪದವನ್ನು ಹುಡುಕುವುದಾಗಲಿ, ಎತ್ತಿ ಬರೆದುಕೊಳ್ಳುವುದಾಗಲಿ ಸುಲಭವಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯೂನಿಕೋಡಿನಲ್ಲಿ ಕನ್ನಡವು 1991ರಿಂದಲೂ ಸ್ಥಾನ ಪಡೆದಿದೆ. ಮುಂದಿನ ದಶಕದಲ್ಲಿ ಅದು ಜನಬಳಕೆಗೆ ಬಂದಿತು. ಯೂನಿಕೋಡಿನಲ್ಲಿ ಬರೆದ ಸಾದಾ ಕನ್ನಡ ಬರಹವು ಇಂದು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಒಂದೇ ರೀತಿಯಲ್ಲಿ ಓದಲು ದೊರೆಯುತ್ತದೆ. ಅದನ್ನು ಹುಡುಕಬಹುದು, ಯಂತ್ರದಿಂದ ಗಟ್ಟಿಯಾಗಿ ಓದಿಸಬಹುದು. ವಿಶೇಷ ಸಂಕೇತದಲ್ಲಿ ಉಳಿದುಹೋದ ಬರಹಗಳನ್ನು ಮಾತ್ರ ಪರಿವರ್ತಿಸಿ ಉಳಿಸಿಕೊಳ್ಳಬೇಕಾಗಿದೆ. ಮಾತು ಉಳಿಯಬೇಕಾದರೆ ಅದನ್ನು ಸಾಮಾನ್ಯವಾದ, ಎಲ್ಲರಿಗೂ ತೆರೆದ ರೂಪದಲ್ಲಿ ಇಡಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟಾದರೂ ಸರಳತೆಯ ವಿರುದ್ಧ ಒಂದು ಆಕ್ಷೇಪವಿದೆ, ಅದನ್ನು ಅಲಕ್ಷಿಸುವಂತಿಲ್ಲ. ಎಲ್ಲರೂ ಬಿಳಿಯ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಗಳನ್ನೇ ಬರೆದರೆ ಒಬ್ಬರ ಮನೆಗೂ ಇನ್ನೊಬ್ಬರ ಮನೆಗೂ ವ್ಯತ್ಯಾಸವೇನು? ವೈಯಕ್ತಿಕ ತಾಣದಲ್ಲಿ ವ್ಯಕ್ತಿಯೇ ಕಾಣದಿದ್ದರೆ ಅದು ಕಚೇರಿಯ ಸುತ್ತೋಲೆಯಂತೆ ಆಗುವುದಿಲ್ಲವೇ? ಈ ಪ್ರಶ್ನೆಯಲ್ಲಿ ಹುರುಳಿದೆ. ಸರಳತೆಯೂ ಒಂದು ಫ್ಯಾಷನ್ ಆಗಬಲ್ಲದು, ಆಗಿಯೂ ಇದೆ. ಬಿಳಿಯ ಹಿನ್ನೆಲೆಯ ಮೇಲೆ ಮಸುಕಾದ ಬೂದುಬಣ್ಣದ ಸಣ್ಣ ಅಕ್ಷರಗಳನ್ನು ಇಟ್ಟು, ದಾರಿ ತೋರುವ ಕೊಂಡಿಗಳನ್ನೆಲ್ಲ ಒಂದು ಮೂಲೆಯ ಮೂರು ಗೆರೆಗಳ ಹಿಂದೆ ಬಚ್ಚಿಟ್ಟು, ಇದೇ ಸರಳತೆ ಎಂದು ಹೇಳುವವರುಂಟು. ಇದು ಸರಳತೆಯ ವೇಷ ಮಾತ್ರ. ವಯಸ್ಸಾದವರ ಕಣ್ಣಿಗೆ ಆ ಅಕ್ಷರಗಳು ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂತಿಯ ಅನುಪಾತವು ಕನಿಷ್ಠ 4.5ಕ್ಕೆ 1ರಷ್ಟು ಇರಬೇಕೆಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸೂಚನೆಗಳು ಹೇಳಿದ್ದವು. ಹೊರಗೆ ಸಾದಾ ಆಗಿ ಕಾಣುತ್ತಾ ಒಳಗೆ ಹತ್ತಾರು ಕಡತಗಳ ಹೊರೆಯನ್ನು ಹೊತ್ತ ಪುಟಗಳೂ ಇವೆ. ಖಾದಿಯ ಅಂಗಿಯ ಒಳಗೆ ಜರತಾರಿಯನ್ನು ತೊಟ್ಟಂತೆ ಅದು. ಓದುಗನಿಗೆ ಅದರಿಂದ ಬಂದ ಲಾಭವೇನು?

ಹಾಗಾದರೆ ನಿಜವಾದ ಸರಳತೆಯ ಗುರುತು ಏನು? ವಸ್ತುಗಳ ಸಂಖ್ಯೆಯನ್ನು ಎಣಿಸಿ ಅದನ್ನು ಅಳೆಯಲಾಗದು. ಪುಟದಲ್ಲಿರುವ ಒಂದೊಂದು ಅಂಶವನ್ನೂ ಮನಸ್ಸಿನಲ್ಲಿಯೇ ತೆಗೆದುಹಾಕಿ ನೋಡಬೇಕು. ತೆಗೆದಾಗ ಓದುಗನಿಗೆ ಏನಾದರೂ ನಷ್ಟವಾಗುತ್ತದೆಯೇ? ಆದರೆ ಅದು ಇರಲಿ. ಆಗದಿದ್ದರೆ ಅದು ಹೊರೆ. ಹಕ್ಕಿಗಳನ್ನು ಕುರಿತು ಬರೆಯುವವನ ಪುಟದಲ್ಲಿ ಹಕ್ಕಿಯ ಚಿತ್ರವಿರಲೇಬೇಕು. ಹತ್ತು ಮಾತುಗಳಿಗಿಂತ ಅದು ಹೆಚ್ಚನ್ನು ಹೇಳುತ್ತದೆ. ಕವಿತೆಯನ್ನು ಪ್ರಕಟಿಸುವವಳಿಗೆ ಸಾಲುಗಳ ನಡುವಿನ ಬಿಡುವು ಬೇಕು. ಒಂದು ಮೆಚ್ಚಿನ ಬಣ್ಣ, ಅಂಚಿನಲ್ಲಿ ಕೈಯಾರೆ ಬರೆದ ಒಂದು ರೇಖಾಚಿತ್ರ, ಇವು ಮನೆಯೊಡೆಯನ ಗುರುತನ್ನು ಹೇಳುತ್ತವೆ. ಬಂದವರಿಗೆ ಅಡ್ಡಿಯನ್ನೂ ಮಾಡುವುದಿಲ್ಲ. ಮನೆಯ ಮುಂದಿನ ರಂಗೋಲಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದೊಂದು ಮನೆಯ ರಂಗೋಲಿಯೂ ಬೇರೆ. ಬಿಡಿಸಿದವಳ ಕೈಗುಣ ಅದರಲ್ಲಿ ಕಾಣುತ್ತದೆ. ಆದರೆ ಯಾವ ರಂಗೋಲಿಯೂ ಬಾಗಿಲನ್ನು ಮುಚ್ಚುವುದಿಲ್ಲ. ಇನ್ನು ವ್ಯಕ್ತಿತ್ವದ ಮಾತು. ಅದು ಮುಖ್ಯವಾಗಿ ಕಾಣುವುದು ಬರಹದಲ್ಲಿ. ಒಂದೇ ಬಗೆಯ ಕಾಗದದಲ್ಲಿ ಇಬ್ಬರು ಗೆಳೆಯರು ಬರೆದ ಎರಡು ಪತ್ರಗಳನ್ನು ಓದಿದವನಿಗೆ ಯಾವುದು ಯಾರದೆಂದು ತಿಳಿಯಲು ಕಾಗದದ ಬಣ್ಣ ಬೇಕಾಗುವುದಿಲ್ಲ.

ಸರಳ ಪುಟದಿಂದ ಅದನ್ನು ಕಟ್ಟುವವನಿಗೂ ಒಂದು ದೊಡ್ಡ ಲಾಭವಿದೆ. ಅದು ಪೂರ್ತಿಯಾಗಿ ಅವನದೇ ಆಗಿರುತ್ತದೆ. ಶೀರ್ಷಿಕೆ, ವಾಕ್ಯವೃಂದ, ಪಟ್ಟಿ, ಕೊಂಡಿ, ಚಿತ್ರ, ಇವಿಷ್ಟರ ಗುರುತುಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಯು ಕೆಲವೇ ದಿನಗಳಲ್ಲಿ ಕಲಿಯಬಲ್ಲನು. ಹಾಗೆ ತಾನೇ ಬರೆದ ಪುಟದಲ್ಲಿ ದೋಷ ಕಂಡರೆ ಅವನೇ ತಿದ್ದಬಲ್ಲನು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾದರೆ ಅವನೇ ಸಾಗಿಸಬಲ್ಲನು. ಸಿದ್ಧ ಮಾದರಿಯನ್ನು ಎರವಲು ತಂದವನು ದುರಸ್ತಿಗೆ ಬೇರೆಯವರ ಬಾಗಿಲಿಗೆ ಹೋಗಬೇಕು. ತನ್ನ ಮನೆಯ ಮಾಡನ್ನು ತಾನೇ ಹೊದಿಸಬಲ್ಲವನ ಧೈರ್ಯವೇ ಬೇರೆ.

ಬಿಸಿಲಿನಲ್ಲಿ ಬಂದ ಅತಿಥಿಯು ಮನೆಯಿಂದ ಹೊರಡುವಾಗ ಯಾವುದನ್ನು ನೆನೆಯುತ್ತಾನೆ? ತೂಗುದೀಪಗಳ ಸಂಖ್ಯೆಯನ್ನು ಅವನು ಮರೆತಿರುತ್ತಾನೆ. ಕೇಳುವ ಮೊದಲೇ ದೊರೆತ ನೀರನ್ನೂ ಮನಬಿಚ್ಚಿ ಆಡಿದ ಮಾತನ್ನೂ ನೆನೆಯುತ್ತಾನೆ. ಓದುಗನೂ ಹಾಗೆಯೇ. ಬೇಗನೆ ತೆರೆದುಕೊಂಡು, ಸ್ಪಷ್ಟವಾಗಿ ಕಾಣಿಸಿ, ಹೇಳಬೇಕಾದುದನ್ನು ಹೇಳಿ ಮುಗಿಸುವ ಪುಟಕ್ಕೆ ಅವನು ಮತ್ತೊಮ್ಮೆ ಬರುತ್ತಾನೆ. ಮುಂದೊಂದು ದಿನ ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ತಮ್ಮದೊಂದು ಪುಟವನ್ನು ಜಗತ್ತಿನ ಮುಂದೆ ತೆರೆದಿಡುವರು. ಅದನ್ನು ಅಲಂಕರಿಸಲು ಕುಳಿತಾಗ ಅವರು ಒಂದು ಕ್ಷಣ ತಡೆದು, ಹಳೆಯ ಮೊಬೈಲ್ ಹಿಡಿದು ಸಿಗ್ನಲ್ಲಿಗಾಗಿ ಕಾದಿರುವ ಒಬ್ಬ ಓದುಗನನ್ನೂ, ಕಿವಿಯಿಂದಲೇ ಓದುವ ಇನ್ನೊಬ್ಬ ಓದುಗನನ್ನೂ ನೆನೆದರೆ ಸಾಕು. ಏನನ್ನು ಇಡಬೇಕು, ಏನನ್ನು ಬಿಡಬೇಕು ಎಂಬುದು ಆಗ ತಾನಾಗಿಯೇ ಹೊಳೆಯುತ್ತದೆ.